ಖಂಡೇಪೂಜೆಗೆ ತೊಳೆದ ಸರ್ವರ್

ನೀಲಮಳ ಸಿಟ್ಟು ನೆತ್ತಿಗೇರಿತ್ತು. ಏರದೆ ಏನು ಮಾಡೀತು? ಎಂಟು ತಿಂಗಳು ಕಟ್ಟಿದ ಊರು ಒಂದೇ ಬೆಳಗಿನಲ್ಲಿ ಹೇಳಹೆಸರಿಲ್ಲದಂತೆ ಹೋಗಿತ್ತು.

ಊರೆಂದರೆ ಆಟದೊಳಗಿನ ಊರು. ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕಲಿಸುವ ನೀಲಮ, ಅಥಣಿ, ರಾಯಬಾಗಗಳ ತನ್ನ ಹಳೆಯ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡು, ಚೌಕ ಕಲ್ಲು ಜೋಡಿಸುವ ಆಟವೊಂದರಲ್ಲಿ ಯಡೂರಿನ ಹೊಳೆದಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ್ದಳು. ಎಲ್ಲರೂ ತಂತಮ್ಮ ಮನೆಯಿಂದಲೇ ಆಡಲೆಂದು ಸರ್ವರ್ ಬಾಡಿಗೆಗೆ ಹಿಡಿದಿದ್ದಳು. ಬಾಡಿಗೆಯಲ್ಲಿ ಪಾಲುಗಾರ ಅವಳ ದೊಡ್ಡವ್ವನ ಮಗ, ಸೈಬರ್ ಕೆಫೆ ನಡೆಸುವ ವಿಕ್ರಾಂತ. ಸರ್ವರ್ ನಡೆಸಲು ಲಿನಕ್ಸ್‌ನ ಯಾವ ಬಗೆ ಹಾಕಬೇಕೆಂಬಲ್ಲೇ ಜಗಳ. ಅವನಿಗೆ ಚಿತ್ರಗಳಿರುವ, ಮೌಸ್ ಒತ್ತಿದರೆ ತೆರೆಯುವ ಉಬುಂಟು ಬೇಕು.

"ಇರೂದ ಒಂದ ಜಿಬಿ ಮೆಮರಿ, ದಾದಾ. ಚಂದ ಕಾಣಾಕ ಅದನ್ನೂ ಕೊಟ್ರ ಆಟ ಹೆಂಗ ಓಡ್ತೈತಿ?" ಎಂದು ಹಟ ಹಿಡಿದು, ಬರೀ ಕಪ್ಪು ಪರದೆಯ ಡೆಬಿಯನ್ ಹಾಕಿದ್ದಳು. ವಿಕ್ರಾಂತ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ.

2014ರ ಖಂಡೇಪೂಜೆಯ ದಿನ, ಆಯುಧ-ಯಂತ್ರಗಳನ್ನೆಲ್ಲ ತೊಳೆದು ಪೂಜಿಸುವ ದಸರೆಯ ಹಬ್ಬಕ್ಕೆ, ಅವನು ಕೆಫೆಯ ಕಂಪ್ಯೂಟರುಗಳನ್ನೆಲ್ಲ ಒರೆಸಿ ಕುಂಕುಮ ಹಚ್ಚಿದ. ಬಾಡಿಗೆಯ ಸರ್ವರ್ ಎಲ್ಲೋ ಮುಂಬಯಿಯಲ್ಲಿ. ಅದನ್ನೂ ತೊಳೆಯಬೇಕಲ್ಲ! ಸರ್ವರ್ ಬಾಡಿಗೆಗೆ ಕೊಟ್ಟ ಹೋಸ್ಟಿಂಗ್‌ನವರ ಪುಟ ತೆರೆದು, ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವ ಬಟನ್ ಒತ್ತಿದ. ಒತ್ತುವಾಗ ಉಬುಂಟುವನ್ನೇ ಆರಿಸಿದ, ಭೂಪ.

"ಟ್ರ್ಯಾಕ್ಟರ್ ತೊಳದ್ರ ಟ್ರ್ಯಾಕ್ಟರ್ ಹೋಗ್ತೈತೇನ? ಸ್ವಚ್ಛ ಮಾಡೀನಿ, ಅಷ್ಟ" ಎಂದ.

"ನೀ ತೊಳದಿಲ್ಲ, ಊರಿಗಿ ಊರ ಸುಟ್ಟಿ!"

"ಕಾಪಿ ಇಟ್ಟೀನಲ್ಲ, ಯಾಕ ಒದರ್ತಿ?"

"ಎಲ್ಲೈತಿ?"

ವಿಕ್ರಾಂತ ತಲೆ ಕೆರೆದುಕೊಂಡ. "ಆ ಸರ್ವರ್‌ದಾಗನ ಇತ್ತು."

ನೀಲಮಳಿಗೆ ಅವನ ಕೆಫೆಯನ್ನೇ ಬೀದಿಗೆಸೆಯಬೇಕೆನಿಸಿತು. ಕಾಪಿ ತೆಗೆಯುವ ಕೆಲಸವನ್ನು ಇಂಥವನಿಗೆ ಒಪ್ಪಿಸಿದ ತನ್ನ ಮೇಲೂ ಅಷ್ಟೇ ಸಿಟ್ಟು ಬಂತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಮರುದಿನ ವಿಜಯದಶಮಿಯ ಸಂಜೆ ವಿಕ್ರಾಂತ ಹಂಚುವ ಬನ್ನಿ ಎಲೆ ಹಿಡಿದು ಬಂದ. ಹಿರಿಯರು ಕೊಟ್ಟ ಬನ್ನಿಯನ್ನು ಯಾರೂ ಬೇಡವೆನ್ನುವುದಿಲ್ಲ.

"ಬನ್ನಿ ತಗೊಂಡ ಬಂಗಾರದಂಗ ಇರೂಣು, ತಂಗಿ."

ನೀಲಮ ಎಲೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅವನ ಕಾಲು ಮುಟ್ಟಿದಳು. ಅವನಿಗೆ ಜೀವ ಬಂದಂತಾಯಿತು.

"ಮುಂಜಾನೆನ ಹೊಸಾ ಸರ್ವರ್ ಹಿಡದೀನಿ. ಡೆಬಿಯನ್ ಹಾಕೀನಿ. ಹುಡುಗ್ಯಾರು ಮೊದಲನೇ ಮೆಟ್ಟಲ ಇಟ್ಟಾರ" ಎಂದಳು. "ನೀನೂ ಬಾ, ಆಡು. ಪಾಸ್‌ವರ್ಡ್ ಮಾತ್ರ ನನ್ನ ಹಂತೇಕನ ಇರ್ತೈತಿ."

"ನನ್ನ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನ?"

ನೀಲಮ ಬನ್ನಿಯನ್ನು ದೇವರ ಜಗಲಿಯ ಮೇಲಿಟ್ಟಳು.

"ಇಲ್ಲ, ದಾದಾ. ಚಹಾ ಕುಡೀತಿ?"