ಕೈ ಮೇಲೆ ಮಾಡು

ಹಾರ್ನು — ಅಲ್ಲ, ರೂಪೇಶನ ಬೈಕಲ್ಲ, ಮೀನಿನವನ ಗಾಡಿ, ನಮ್ಮೂರು ಕೇಣಿಯ ತಿರುವಿನಲ್ಲಿ ಅವನು ಯಾವಾಗಲೂ ಎರಡು ಸಲ ಒತ್ತುತ್ತಾನೆ, ಒಂದು ನಾಯಿಗಳಿಗೆ, ಒಂದು ನಮಗೆ, ಬಂಗಡೆಯ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂತು, ಕಿಟಕಿ ಹಾಕಬೇಕು, ಹೊಸ ಬಟ್ಟೆಗೆ ಹಿಡಿದುಬಿಡುತ್ತದೆ, ಆಮೇಲೆ ಪೂರ್ಣಿಮಾ ಮೂಗಿಗೆ ಕರ್ಚೀಫು ಒತ್ತಿಕೊಂಡು, ಅಕ್ಕನ ಹೊಲಿಗೆ ಚೆಂದವೇ, ಆದ್ರೆ ಎಲ್ಲಕ್ಕೂ ಕೇಣಿ ವಾಸನೆ ಮಾರಾಯ್ತಿ — ಹಿಡಿಯಲಿ. ತೆರೆದೇ ಇರಲಿ ಕಿಟಕಿ. ಫ್ರಾಕು ಹ್ಯಾಂಗರಿನಲ್ಲಿ ತೂಗುತ್ತಿದೆ, ನೀಲಿ ಚೌಕಳಿಯ ಕಾಟನ್ನು, ಗಾಳಿ ಬಂದಾಗ ಹೊಟ್ಟೆ ಉಬ್ಬಿಸಿಕೊಂಡು, ಒಳಗೆ ಯಾರೋ ನಿಂತ ಹಾಗೆ ಅರ್ಧ ತಿರುಗಿ ಮತ್ತೆ ಈಚೆ ತಿರುಗುತ್ತದೆ, ಎದೆಗೆ ಸಣ್ಣ ನೆರಿಗೆ, ಕೊರಳಿಗೆ ಬಿಳಿ ಪೈಪಿಂಗ್, ನಾನೇ ಹೇಳುತ್ತೇನೆ, ಇಷ್ಟು ಚೆಂದದ್ದು ನನ್ನ ಕೈಯಿಂದ ಇನ್ನೊಂದು ಬಂದಿಲ್ಲ, ಬೆಳಿಗ್ಗೆ ನಾಗೇಶ ಚಹಾ ಹಿಡಿದುಕೊಂಡು ಅದರ ಮುಂದೆ ನಿಂತವನು, ಇದು ನೋಡಿದ್ರೆ ಪೂರ್ಣಿಮಾ ಬಾಯಿ ಮುಚ್ತದೆ ಬಿಡು ಅಂದ. ಮುಚ್ಚುತ್ತದೆ. ನೋಡಿದವರಿಗೆ ಯಾರಿಗೂ ಗೊತ್ತಾಗುವುದಿಲ್ಲ, ಇಂಚರಾಳ ತಲೆ ಇದರ ಕೊರಳಿನಲ್ಲಿ ದಾಟುವುದಿಲ್ಲ ಎಂದು.

ಆರಿಸಿದವಳು ಪೂರ್ಣಿಮಾಳೇ, ನನ್ನ ಓರಗಿತ್ತಿ, ನಾಗೇಶನ ತಮ್ಮ ರೂಪೇಶನ ಹೆಂಡತಿ, ಫೋನಿಗೆ ಫೋಟೋ ಕಳಿಸಿ, ಅಕ್ಕಾ ಇಂಚರಾಗೆ ಹುಟ್ಟುಹಬ್ಬಕ್ಕೆ ಇದೇ ಬೇಕಂತೆ, ಈ ಪ್ಯಾಟರ್ನು ನಿಮಗೆ ಸಿಗ್ತದಲ್ಲ, ರೇಟು ಮೊದ್ಲೇ ಹೇಳಿ, ಪುಕ್ಕಟೆ ಬೇಡ ನಮಗೆ. ನಮಗೆ. ಆ ನಮಗೆಯ ಒಳಗೆ ಯಾರ್ಯಾರಿದ್ದೀರಿ ಎಂದು ಕೇಳಬೇಕೆಂದು ಅರ್ಧ ಬರೆದು ಅಳಿಸಿದೆ, ಕೈ ಮುಗಿದ ಚಿತ್ರವೊಂದನ್ನು ಕಳಿಸಿದೆ. ಪ್ಯಾಟರ್ನು ಸಿಗುತ್ತದೆ, ಯಾವುದೋ ಚಳಿ ದೇಶದ ಹೆಂಗಸು, ಕಂಪನಿ ಗಿಂಪನಿ ಏನಿಲ್ಲ, ಅಟ್ಟದ ಕೋಣೆಯಲ್ಲಿ ಕೂತು ಮಕ್ಕಳ ಬಟ್ಟೆಗೆ ನಕ್ಷೆ ಬರೆದು, ತನ್ನ ಮಗಳಿಗೇ ತೊಡಿಸಿ ಫೋಟೋ ತೆಗೆದು ಮಾರುತ್ತಾಳೆ, ದುಡ್ಡು ಕಟ್ಟಿದರೆ ಇಮೇಲಿಗೆ ಬೀಳುತ್ತದೆ, ಜೊತೆಗೆ ಹೊಲಿಯುವ ಕ್ರಮ ಇಂಗ್ಲಿಷಿನಲ್ಲಿ, ಫೋನಿನ ಕ್ಯಾಮೆರಾ ಹಿಡಿದರೆ ಅದು ಕನ್ನಡವಾಗುತ್ತದೆ, ಅದೂ ಒಂದು ಕನ್ನಡ! ಹೊಲಿಗೆಗೆ ಬಿಡುವ ಮಾರ್ಜಿನ್ನಿಗೆ ಹೊಲಿಗೆ ಭತ್ಯೆ ಅನ್ನುತ್ತದೆ, ಹೊಲಿಗೆ ಭತ್ಯೆಯನ್ನು ಸೇರಿಸಲಾಗಿದೆ, ನಾಗೇಶ ಬಗ್ಗಿ ಓದಿ, ನಿಂಗೆ ಭತ್ಯೆನೂ ಉಂಟನೆ, ನಾನು ಬೇಲೆಕೇರಿಯಲ್ಲಿ ಬೋಟಿಗೆಲ್ಲ ಐಸು ಹೊತ್ತು ಗಾಡಿ ಓಡಿಸ್ತೆ, ನಂಗೆ ಯಾರೂ ಕೊಡೂದಿಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಬಲಬದಿಗಳನ್ನು ಒಟ್ಟಿಗೆ ಇರಿಸಿ ಅಂದರೆ ಬಟ್ಟೆಯ ಸೀದಾ ಮಗ್ಗುಲು ಸೀದಾ ಮಗ್ಗುಲಿಗೆ ಎಂದು ಅರ್ಥ, ನನಗೇನು ಗೊತ್ತು, ಮೊದಲ ಸಲ ಎರಡು ಬಲತೋಳು ಕೂಡಿಸಿ ಹೊಲಿದಿಟ್ಟಿದ್ದೆ, ಆ ಹಾಳು ಅಂಗಿಯನ್ನೇ ಹಾಕಿಕೊಂಡು ಇಂಚು ಅಂಗಳದಲ್ಲೆಲ್ಲ ಓಡಿದ್ದಳು, ಒಂದು ಕೈ ಒಳಗೆ ಒಂದು ಕೈ ಹೊರಗೆ. ಅವರ ಬಾಯಲ್ಲಿ ಇಂಚರಾ. ನನ್ನ ಬಾಯಲ್ಲಿ ಇಂಚು, ಬಂದಾಗ ಟೇಪು ಹಿಡಿದರೆ ಅಷ್ಟೇ ಇದ್ದಳು. ಈ ಸಲದ ಕಾಗದದಲ್ಲಿ ಒಂದೇ ಒಂದು ಸಾಲನ್ನು ಫೋನು ನೆಟ್ಟಗೆ ಹೇಳಿತು, ಮಕ್ಕಳ ತಲೆ ದೊಡ್ಡದು ಕುತ್ತಿಗೆ ಸಣ್ಣದು, ಬೆನ್ನ ಕಡೆಯ ಸೀಳನ್ನು ದಯವಿಟ್ಟು ಬಿಟ್ಟುಬಿಡಬೇಡಿ. ಬಿಟ್ಟುಬಿಟ್ಟಿದ್ದೇನೆ.

ಬಿಡಲಿಕ್ಕೆಂದೇ ಹೊರಟವಳಲ್ಲ, ಅದು ಅಂಕೋಲೆಯಲ್ಲಿ ಆದದ್ದು, ಗಣೇಶನ ಜೆರಾಕ್ಸ್ ಅಂಗಡಿಯಲ್ಲಿ, ನಕ್ಷೆಯನ್ನು ಹಾಳೆ ಹಾಳೆಯಾಗಿ ತೆಗೆಸಿ ಮನೆಯಲ್ಲಿ ನೆಲಕ್ಕೆ ಹರಡಿ ಅಂಟಿಸಬೇಕು, ಮೊದಲ ಹಾಳೆಯ ಮೂಲೆಯಲ್ಲೊಂದು ಚೌಕ ಇರುತ್ತದೆ, ಅದು ಸರಿಯಾಗಿ ಎರಡಿಂಚು ಬರಬೇಕು, ಬರಲಿಲ್ಲವೆಂದರೆ ಮಷಿನ್ನು ಎಲ್ಲವನ್ನೂ ಕಾಗದದ ಅಂಚಿನೊಳಗೆ ಕುಗ್ಗಿಸಿದೆ ಎಂದು ಅರ್ಥ, ನಾನು ಅಲ್ಲೇ ಸ್ಕೇಲಿಟ್ಟು ನೋಡದೆ ಕದಲುವವಳಲ್ಲ, ಗಣೇಶನಿಗೆ ನಗು, ಅಕ್ಕೋರೆ, ಜಾಗ ಅಳೀಲಿಕ್ಕೆ ಬಂದವರ ಹಂಗೆ ಮಾಡ್ತೀರಲ. ಆವತ್ತೂ ಇಟ್ಟೆ. ಕಮ್ಮಿ ಬಂತು. ಸರಿ ಬಂತಾ ಅಕ್ಕೋರೆ? ಸರಿ ಬಂತು. ಅಂದದ್ದು ನನ್ನ ಬಾಯಿಯೇ, ಅಂದ ಮೇಲೆ ಕೈಕಾಲಿನಲ್ಲಿ ಒಂಥರಾ ಬಿಸಿ, ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಪಕ್ಕದವಳು ಏನಕ್ಕಾ ಇದು ಅಂದರೆ ನಗು ತಡೆಯಲಾಗಲಿಲ್ಲ. ಎದೆ, ಉದ್ದ, ತೋಳು ಎಲ್ಲವನ್ನೂ ಮನೆಯಲ್ಲಿ ಹಿಗ್ಗಿಸಿ ಸರಿಯಾದ ಅಳತೆಗೆ ಬರೆದುಕೊಂಡೆ, ಕೊರಳನ್ನು ಮಾತ್ರ ಕುಗ್ಗಿದ ಹಾಗೆಯೇ ಕತ್ತರಿಸಿದೆ, ಸೀಳಿಲ್ಲ, ಗುಂಡಿಯಿಲ್ಲ, ಪೈಪಿಂಗಿನ ಮೇಲೆ ಎರಡು ಸಲ ಹೊಲಿಗೆ ಓಡಿಸಿದೆ, ಹಿಡಿದು ಎಳೆದರೂ ದಾರ ಕಡಿಯಬಾರದು. ಪೂರ್ಣಿಮಾ ಸೊಂಟ ಕಳಿಸಿದ್ದಳು, ಭುಜ ಕಳಿಸಿದ್ದಳು, ತಲೆಯ ಅಳತೆ ಯಾರೂ ಕಳಿಸುವುದಿಲ್ಲ. ಅದು ನನ್ನಲ್ಲಿದೆ. ನೆತ್ತಿ ಇನ್ನೂ ಪುಕಪುಕ ಅನ್ನುತ್ತಿದ್ದಾಗಿನಿಂದ ಎಣ್ಣೆ ತಿಕ್ಕಿದ ತಲೆ, ಕಣ್ಣು ಮುಚ್ಚಿ ಅಂಗೈ ದುಂಡಗೆ ಮಾಡಿದರೆ ಬಂದು ಕೂರುತ್ತದೆ, ಮಕ್ಕಳಿಗೆ ಕೈ ಬೆಳೆಯುತ್ತದೆ, ಕಾಲು ಬೆಳೆಯುತ್ತದೆ, ತಲೆ ಅಷ್ಟೇನೂ ಬೆಳೆಯುವುದಿಲ್ಲ.

ಇಂಚುವನ್ನು ಐದು ತಿಂಗಳಿಗೆ ಪೂರ್ಣಿಮಾ ಇಲ್ಲಿಗೆ ತಂದುಬಿಟ್ಟಳು, ಕಾರವಾರದಲ್ಲಿ ಬ್ಯಾಂಕಿನ ಕೆಲಸ, ರಜೆ ಮುಗಿಯಿತು, ಬಿಣಗಾದ ಆ ಬಾಡಿಗೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಅಕ್ಕಾ ನೀವಿದ್ದೀರಂತ ಧೈರ್ಯ, ನಿಮಗೂ ಬೇಸರ ಕಳೀತದೆ. ಬೇಸರ ಅಂದರೆ ಯಾವುದೆಂದು ಅವಳಿಗೂ ಗೊತ್ತಿತ್ತು ನನಗೂ ಗೊತ್ತಿತ್ತು, ಮದುವೆಯಾಗಿ ಅಷ್ಟು ವರ್ಷ ತೊಟ್ಟಿಲು ಕಟ್ಟದ ಮನೆ, ತೊಲೆಗೆ ಕಬ್ಬಿಣದ ಕೊಂಡಿ ಇತ್ತು, ನಾಗೇಶ ಅದಕ್ಕೆ ಛತ್ರಿ ತೂಗುಹಾಕುತ್ತಿದ್ದ, ಆವತ್ತು ಛತ್ರಿ ತೆಗೆದ. ಭಾನುವಾರ ಬರುವವಳು ಮಮ್ಮಿ, ಇರುವವಳು ಆಯಿ, ನಮ್ಮ ಕಡೆ ತಾಯಿಗೆ ಅನ್ನುವುದೇ ಹಾಗೆ, ಯಾರು ಕಲಿಸಿದರು, ನಾನು ಕಲಿಸಲಿಲ್ಲ, ದೇವರಾಣೆ ಕಲಿಸಲಿಲ್ಲ, ತಿದ್ದಲೂ ಇಲ್ಲ. ಹಲ್ಲು ಬಂದದ್ದು ಇಲ್ಲಿ, ಮೊದಲ ಹೆಜ್ಜೆ ಈ ಮೆಷಿನ್ನಿನ ಕಾಲು ಹಿಡಿದುಕೊಂಡು, ಜ್ವರಕ್ಕೆ ನೆತ್ತಿಗೆ ಬಟ್ಟೆ ಒದ್ದೆ ಮಾಡಿ ಹಾಕಿದ್ದು ಇಲ್ಲಿ. ಫ್ರಾಕು ತೊಡಿಸುವಾಗ ಒಂದು ಆಟ, ಕೈ ಮೇಲೆ ಮಾಡು ಅಂದರೆ ಎರಡೂ ಕೈ ಸೂರಿಗೆ, ಕಣ್ಣು ಗಟ್ಟಿಯಾಗಿ ಮುಚ್ಚಿ, ತಲೆ ಬಟ್ಟೆಯೊಳಗೆ ಹೋದ ಕೂಡಲೇ, ಕತ್ತಲೇ ಎಂದು ಒಳಗಿಂದ ಕೂಗು, ಎಲ್ಲಿ ಹೋಯ್ತಪ್ಪ ನಮ್ಮ ಇಂಚು, ಮೀನಿನವನು ತಕಂಡು ಹೋದ್ನಾ ಎಂದು ನಾನು, ಕೊರಳಿನಿಂದ ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಆ ನಗು.

ಚೌತಿಯ ದಿನವೂ ಹಾಗೆಯೇ, ನಾಲ್ಕು ವರ್ಷ ಆಗಿತ್ತು ಅವಳಿಗೆ, ಜಗಲಿಯ ತುಂಬ ನೆಂಟರು, ಒಳಕೋಣೆಯಲ್ಲಿ ನಾನು ಹಳದಿ ಫ್ರಾಕು ತೊಡಿಸುತ್ತಿದ್ದೆ, ಕೈ ಮೇಲಿತ್ತು, ತಲೆ ಒಳಗಿತ್ತು, ಆಯೀ ಕತ್ತಲೇ ಅಂದಳು ಇಂಚು, ಬಾಗಿಲಲ್ಲಿ ಪೂರ್ಣಿಮಾ. ಯಾರಿಗೆ ಆಯಿ ಅನ್ನೂದು ನೀನು? ಸೊಂಟಕ್ಕೆ ಕೈ ಹಾಕಿ ಎಳೆದಳು, ತಲೆ ಇನ್ನೂ ಬಟ್ಟೆಯೊಳಗೆ, ಕೈ ಇನ್ನೂ ಮೇಲೆ, ದಾರಿ ಕಾಣದೆ ಮಗು ಬಾಗಿಲಿಗೆ ಢಿಕ್ಕಿ ಹೊಡೆಯಿತು, ಹಾಗೆಯೇ ಜಗಲಿಗೆ, ಎಲ್ಲರ ನಡುವೆ, ನಾಲ್ಕು ಫ್ರಾಕು ಹೊಲಿದು ಹಾಕಿದ್ರೆ ಆಯಿ ಆಗ್ತಾರಾ, ಹಂಗಾದ್ರೆ ಊರ ಟೇಲರುಗಳೆಲ್ಲ ಆಯಿ ಆಗ್ಬೇಕಿತ್ತು. ಯಾರೋ ನಕ್ಕರು. ಯಾರೆಂದು ಈಗಲೂ ಗೊತ್ತಿಲ್ಲ, ಗೊತ್ತಿದ್ದರೆ ಅವರಿಗೂ ಒಂದು ಹೊಲಿದುಕೊಡುತ್ತಿದ್ದೆ. ನಾಗೇಶ ಬಾಳೆಲೆ ಒರೆಸುತ್ತಲೇ ಇದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ, ರೂಪೇಶ ಎದ್ದುಹೋಗಿ ಬಾವಿಕಟ್ಟೆಯ ಹತ್ತಿರ ನಿಂತ. ಹಳದಿ ಬಟ್ಟೆಯೊಳಗಿಂದ ಆಯೀ ಎಳಿ, ಆಯೀ ಎಳಿ — ಎರಡು ಕೈ, ಬೆರಳು ಬಿಡಿಸಿಕೊಂಡು ಗಾಳಿಯಲ್ಲಿ ಏನನ್ನೋ ಹುಡುಕುತ್ತ — ನಾನು ಬಾಗಿಲಲ್ಲೇ ನಿಂತಿದ್ದೆ. ಸಂಜೆಯೇ ಬಿಣಗಾಕ್ಕೆ ಕರೆದುಕೊಂಡು ಹೋದರು. ಆಮೇಲೆ ಫೋನಿನಲ್ಲಿ ಹಿಂದಿನಿಂದ ಪೂರ್ಣಿಮಾಳ ದನಿ, ಆಂಟಿಗೆ ಥ್ಯಾಂಕ್ಸ್ ಹೇಳು ಇಂಚರಾ. ಥ್ಯಾಂಕ್ಯೂ ಆಂಟಿ. ದೊಡ್ಡಮ್ಮನೂ ಅಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವಳಿಗೆ ಅನ್ನುವ ಹಾಗೆ, ಆಂಟಿ.

ನಾಳೆ ಹುಟ್ಟುಹಬ್ಬ, ನೋಡಬೇಕು. ನಾನಲ್ಲಿ ಇರುವುದಿಲ್ಲ, ಬನ್ನಿ ಎಂದು ಕರೆದಿಲ್ಲ, ಆದರೂ ಎಲ್ಲ ಕಾಣುತ್ತದೆ, ಬಿಣಗಾದ ಮನೆಯ ಆ ಹಾಲ್, ಬಲೂನು, ಬ್ಯಾಂಕಿನವರು ಬಂದು ಕುರ್ಚಿಯಲ್ಲಿ ಕೂತಿದ್ದಾರೆ, ಕೇಕಿನ ಡಬ್ಬಿ ತೆರೆದಿದೆ, ಬೇಗ ಬಾ ಇಂಚರಾ, ಫೋಟೋದವನು ಕಾಯ್ತಾನೆ, ಕೋಣೆಯಲ್ಲಿ ಪೂರ್ಣಿಮಾ ಫ್ರಾಕು ಎತ್ತಿ ಹಿಡಿಯುತ್ತಾಳೆ, ನೆತ್ತಿಯವರೆಗೆ ಇಳಿಯುತ್ತದೆ, ಹಣೆಯ ಹತ್ತಿರ ನಿಲ್ಲುತ್ತದೆ, ಎಳೆಯುತ್ತಾಳೆ, ಕ್ಲಿಪ್ಪು ಕೂದಲಿಗೆ ಸಿಕ್ಕಿಬೀಳುತ್ತದೆ, ಎಳೆ ಇನ್ನೂ ಎಳೆ, ಎರಡು ಸಲ ಓಡಿಸಿದ ಹೊಲಿಗೆ ಅದು, ನಿನ್ನ ಕೈಗೆ ಜಗ್ಗುವುದಿಲ್ಲ, ಮೇಲಕ್ಕೂ ಬಾರದು ಕೆಳಕ್ಕೂ ಬಾರದು, ಮಗು ಅಳುತ್ತದೆ, ಕುರ್ಚಿಯವರು ಒಬ್ಬೊಬ್ಬರಾಗಿ ಎದ್ದು ಬಾಗಿಲಿಗೆ ಬರುತ್ತಾರೆ, ಬರಬೇಕು, ಜಗಲಿಯ ತುಂಬ ಜನ ಇದ್ದ ಹಾಗೆಯೇ ಇರಬೇಕು, ಆಗ ಒಳಗಿಂದ, ಆ ಕತ್ತಲೆಯೊಳಗಿಂದ ಇಂಚು ಕೂಗಬೇಕು, ಮಮ್ಮಿ ಅಂತಲ್ಲ. ಮಮ್ಮಿ ಅನ್ನುವ ಮಾತು ಬೆಳಕಿನಲ್ಲಿ ಕಲಿಸಿದ್ದು, ಕತ್ತಲೆಗೆ ಬೇರೆ ಹೆಸರಿದೆ. ಆಯೀ ಎಳಿ. ಯಾರದು ಆಯಿ, ನಿಮ್ಮ ಅತ್ತೆಯಾ ಎಂದು ಬ್ಯಾಂಕಿನವರು ಕೇಳಬೇಕು, ಅವಳು ಹೇಳಬೇಕು, ಏನು ಹೇಳುತ್ತೀ ಪೂರ್ಣಿಮಾ, ಟೇಲರು ಅನ್ನು, ಅನ್ನಲ್ಲ, ಕತ್ತರಿ ತನ್ನಿ ಎಂದು ಅವಳ ಬಾಯಿಂದಲೇ ಬರಬೇಕು, ತನ್ನ ಕೈಯಿಂದಲೇ ಕೊರಳು ಕತ್ತರಿಸಿ ಬಿಡಿಸಬೇಕು, ಕತ್ತರಿ ಕೆನ್ನೆಯ ಹತ್ತಿರ ಹೋಗುವಾಗ ಕೈ ನಡುಗಬೇಕು ಅವಳಿಗೆ — ಅವಳಿಗೆ ನಡುಗಿದರೆ — ಕೆನ್ನೆ ಯಾರದು — ಇಲ್ಲ, ಜಾಗ್ರತೆ ಮಾಡುತ್ತಾಳೆ, ಹೆತ್ತವಳಲ್ಲವೇ, ನೋಡೋಣ, ಹೆತ್ತ ಮಾತ್ರಕ್ಕೆ ಬಟ್ಟೆ ಬಿಡಿಸಲಿಕ್ಕೆ ಬರುತ್ತದೆಯಾ. ಈಗಲೂ ಬೇಕಾದರೆ ಬೆನ್ನಿಗೊಂದು ಸೀಳು, ಒಂದು ಲೂಪು, ಒಂದು ಗುಂಡಿ, ಚಹಾ ಕಾಯುವಷ್ಟು ಹೊತ್ತಿನ ಕೆಲಸ. ಗುಂಡಿಯ ಡಬ್ಬಿ ಕೈಗೆ ಸಿಗುವಲ್ಲೇ ಇದೆ, ಬಿಳಿ ಗುಂಡಿ ಬೆರಳಿಗೆ ತಾನಾಗಿ ಬಂದಿದೆ, ಯಾವಾಗ ಎತ್ತಿಕೊಂಡೆನೋ. ವಾಪಸು ಹಾಕಿದೆ. ಮುಚ್ಚಳ ಗಟ್ಟಿಯಾಗಿ ಒತ್ತಿದೆ. ಮೂರು ಚೌತಿ ಆಯಿತು ನಾನು ಆ ಒಳಕೋಣೆಯಲ್ಲಿ ದೀಪ ಹಾಕದೆ.

ಹಾರ್ನು. ಇದು ರೂಪೇಶನದೇ, ಫ್ರಾಕು ಒಯ್ಯಲು ಬಂದ. ಮಡಿಸು, ಕೊರಳು ಒಳಗಾಗಿ ಮಡಿಸು, ಕವರಿಗೆ ಹಾಕು, ಅಂಚು ಅಂಟಿಸು, ಅತ್ತಿಗೆ ಇದ್ದೀರಾ, ಇದ್ದೇನಪ್ಪ ಎಲ್ಲಿಗೆ ಹೋಗಲಿ, ಮೆಟ್ಟಿಲ ಮೇಲೆ ಅವನ ಬೂಟು, ಅದರ ಹಿಂದೆ ಇನ್ನೊಂದು, ಚಪ್ಪಲಿ ಟಪಟಪ ನೆಲಕ್ಕೆ ಹೊಡೆದುಕೊಂಡು — ಆ ಸದ್ದು ನನಗೆ — ನಾನೂ ಬರ್ತೆ ಅಂತ ಹಠ ಹಿಡಿತು ಅತ್ತಿಗೆ, ಪೂರ್ಣಿಮಾ ಬ್ಯಾಂಕಿಂದ ಬರೂದ್ರೊಳಗೆ ಮನೆ ಮುಟ್ಬೇಕು, ಅವಳಿಗೆ ಹೇಳ್ಬೇಡಿ. ಬಾಗಿಲಲ್ಲಿ ಇಂಚು ನಿಂತಿದ್ದಾಳೆ. ಉದ್ದ ಆಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ, ಯಾರೂ ಹೇಳಲಿಲ್ಲ ನನಗೆ ಹಲ್ಲು ಬಿದ್ದದ್ದು. ಆಂಟಿ ಅನ್ನಲಿಲ್ಲ, ತೊಲೆ ನೋಡಿದಳು, ಮೆಷಿನ್ನು ನೋಡಿದಳು, ಅದರ ಕಾಲು ಮುಟ್ಟಿ ನೋಡಿದಳು, ಆಮೇಲೆ ಕವರು. ಇದಾ ನಂದು? ತೆರೆಯಬೇಡ, ಇಸ್ತ್ರಿ ಮುದುಡ್ತದೆ, ನಾಳೆ — ತೆರೆದಾಯಿತು, ಹಾಕಿಯೇ ನೋಡ್ಲಿ ಬಿಡಿ ಅತ್ತಿಗೆ, ಹೆಚ್ಚುಕಮ್ಮಿ ಇದ್ರೆ ಇಲ್ಲೇ ಸರಿ ಆಗ್ತದಲ, ನಾನಷ್ಟರಲ್ಲಿ ಬೈಕಿಗೆ ಹವಾ ನೋಡ್ತೆ. ಅವನು ಹೊರಗೆ. ಬೇಡ ಅನ್ನಬೇಕು, ಬಾಯಿ ಬರುತ್ತಿಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಎಷ್ಟು ಸಲೀಸಾಗಿ ಬಂದ ಬಾಯಿ, ಅವಳು ತೊಟ್ಟ ಅಂಗಿ ತೆಗೆದು ಮೆಷಿನ್ನಿನ ಮೇಲೆ ಹಾಕಿದ್ದಾಳೆ, ಬಿಳಿ ಶಿಮೀಜಿನಲ್ಲಿ ನನ್ನ ಎದುರಿಗೆ ಬಂದು ನಿಂತಿದ್ದಾಳೆ, ನೀಲಿ ಫ್ರಾಕು ನನ್ನ ಕೈಯಲ್ಲಿದೆ, ಹೇಗೆ ಬಂತು, ಅವಳೇ ಕೊಟ್ಟಳು, ಕೊರಳು ನನ್ನ ಎರಡು ಹೆಬ್ಬೆರಳ ನಡುವೆ, ಇಷ್ಟೇ ಇಷ್ಟು, ಬಿಳಿ ಪೈಪಿಂಗ್, ಎರಡು ಸಲ ಓಡಿಸಿದ ಹೊಲಿಗೆ, ಕೈ ಮೇಲೆ ಮಾಡು ಎಂದು ನಾನು ಹೇಳಲೇ ಇಲ್ಲ, ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹಲ್ಲಿಲ್ಲದ ಜಾಗದಲ್ಲಿ ನಾಲಿಗೆ ಇಟ್ಟುಕೊಂಡು, ಕತ್ತಲೆ ಮಾಡು ಅಂದಳು, ಎರಡು ಕೈ, ಬೆರಳು ಬಿಡಿಸಿಕೊಂಡು, ಮೇಲೆ.