ಸಮುದ್ರದ ಮೇಲೆ ನಿಂತ ವಿಮಾನ

ಆ ವಾರ ಡಿಸ್ಕ್ ವಾಪಸ್ ತಂದವರಲ್ಲಿ ಮಹೇಂದ್ರ ಐದನೆಯವನು. ಯಲಹಂಕ ನ್ಯೂಟೌನ್‌ನಲ್ಲಿ ಶಾಂತಲಾ ನಡೆಸುತ್ತಿದ್ದ ಗೇಮ್ ಅಂಗಡಿಗೆ ಅವನು ಆರು ವರ್ಷದ ಗಿರಾಕಿ. ಮದುವೆಯಾಗಿ ಮಗುವಾದ ಮೇಲೂ ಭಾನುವಾರ ತಪ್ಪದೆ ಬರುತ್ತಿದ್ದ. ಅಂಥವನು ಡಿಸ್ಕಿನ ಡಬ್ಬಿಯನ್ನು ಕೌಂಟರ್ ಮೇಲೆ ಕುಕ್ಕಿದ.

"ಏನ್ ಮೇಡಂ, ನೀವೂ ಡೂಪ್ಲಿಕೇಟ್ ಮಾರೋಕ್ ಶುರು ಮಾಡಿದ್ರಾ? ಹಾಕಿದ್ರೆ ಓಪನ್ನೇ ಆಗ್ತಿಲ್ಲ."

"ಹೋದ್ ವರ್ಷ ತಗೊಂಡಿದ್ದಲ್ವಾ ಇದು? ಇಷ್ಟ್ ದಿನ ಆಡಿಲ್ವೇನ್ರಿ?"

"ಆಡಿದೀನಿ. ಈಗ ಆಗ್ತಿಲ್ಲ ಅಂತಾನೇ ಹೇಳ್ತಿರೋದು."

ಶಾಂತಲಾಳ ಮುಖ ಕೆಂಪಾಯಿತು. ಹನ್ನೊಂದು ವರ್ಷದಲ್ಲಿ ಅವಳು ಒಂದೇ ಒಂದು ಕಳ್ಳ ಡಿಸ್ಕ್ ಮಾರಿದವಳಲ್ಲ. ಪಕ್ಕದ ರಸ್ತೆಯಲ್ಲಿ ಅದೇ ಆಟಗಳು ಪ್ಲಾಸ್ಟಿಕ್ ಕವರಿನಲ್ಲಿ ಕಾಲು ಬೆಲೆಗೆ ಸಿಗುತ್ತಿದ್ದಾಗಲೂ ತನ್ನ ಹಟ ಬಿಟ್ಟಿರಲಿಲ್ಲ. ಅವಳು ಡಿಸ್ಕನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿದಳು. ಆಟ ಶುರುವಾಯಿತು.

"ನಿಮ್ ಸಿಸ್ಟಮ್‌ಗೆ ಹೊಸದಾಗಿ ಏನಾದ್ರೂ ಹಾಕಿದ್ರಾ?"

"ಏನೂ ಇಲ್ಲ. ಹೊಸ ವಿಂಡೋಸ್ ಫ್ರೀಯಾಗಿ ಬಂತು. ಎಲ್ರೂ ಹಾಕ್ಕೊಂಡ್ರು, ನಾನೂ ಹಾಕ್ಕೊಂಡೆ."

ಅದು 2015ರ ಆಗಸ್ಟ್. ವಿಂಡೋಸ್ ಟೆನ್ ಬಂದು ಎರಡು ವಾರವಾಗಿತ್ತು. ಆ ಸಂಜೆಯೆಲ್ಲ ಶಾಂತಲಾ ಇಂಟರ್‌ನೆಟ್ಟಿನಲ್ಲಿ ಓದಿದಳು. ಹಳೆಯ ಡಿಸ್ಕ್‌ಗಳು ನಕಲಾಗದಂತೆ ಅವುಗಳಿಗೆ ಒಂದು ಬೀಗ ಹಾಕಿರುತ್ತಿದ್ದರು. ಆ ಬೀಗ ಸುರಕ್ಷಿತವಲ್ಲವೆಂದು ಹೊಸ ವ್ಯವಸ್ಥೆ ಅದನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಹೀಗಾಗಿ ಬೀಗ ಒಡೆದು ಮಾಡಿದ ಕಳ್ಳ ಡಿಸ್ಕ್ ಕೊಂಡವರ ಆಟ ನಡೆಯುತ್ತಿತ್ತು, ಅಸಲಿ ಕೊಂಡವರದು ನಿಂತಿತ್ತು. ಅವಳ ಕಪಾಟುಗಳಲ್ಲಿ ಅರ್ಧದಷ್ಟು ಅಂಥ ಆಟಗಳೇ.

ಒಂದೇ ಸಮಾಧಾನವೆಂದರೆ, ಹೊಸದನ್ನು ಹಾಕಿಕೊಂಡ ಒಂದು ತಿಂಗಳೊಳಗೆ ಹಳೆಯದಕ್ಕೆ ಮರಳಬಹುದಿತ್ತು. ತಿಂಗಳು ಕಳೆದರೆ ಆ ದಾರಿ ತಾನಾಗಿಯೇ ಅಳಿಸಿಹೋಗುತ್ತಿತ್ತು.

ಅಲ್ಲಿಂದ ಅವಳು ಕೂತಲ್ಲಿ ಕೂರಲಿಲ್ಲ. ಫೋನಿನಲ್ಲಿದ್ದ ಗಿರಾಕಿಗಳಿಗೆಲ್ಲ ಕರೆ ಮಾಡಿದಳು. ತಾವೇ ಮಾಡಿಕೊಳ್ಳಬಲ್ಲವರಿಗೆ ಹೇಳಿಕೊಟ್ಟಳು. ಆಗದವರ ಮನೆಗೆ ಸ್ಕೂಟರಿನಲ್ಲಿ ಹೊರಟಳು. ಬೆಳಿಗ್ಗೆ ಅಮೃತಹಳ್ಳಿ, ಮಧ್ಯಾಹ್ನ ಹೆಬ್ಬಾಳ, ನಡುವೆ ಅಂಗಡಿಯ ಬಾಗಿಲು ತೆಗೆದು ಮತ್ತೆ ಮುಚ್ಚುವುದು. ರೈಲು ಗಾಲಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಗಂಡ ಮುನೀಂದ್ರ ನಾಲ್ಕು ದಿನ ನೋಡಿ ಕೇಳಿದ: "ನಿಂಗ್ಯಾಕೆ ಇದೆಲ್ಲ? ನೀನೇನ್ ವಿಂಡೋಸ್ ಮಾಡ್ದೋಳಾ?"

"ಡಬ್ಬಿ ಕೊಟ್ಟಿದ್ದು ನಾನಲ್ವಾ. ನನ್ ಮುಖ ನೋಡಿ ತಗೊಂಡಿರ್ತಾರೆ ಕಣ್ರೀ."

ಅತಾವುಲ್ಲಾ ಅಂಗಡಿಗೆ ಬಂದದ್ದು ಸೆಪ್ಟೆಂಬರ್ ಎರಡನೇ ವಾರ. ಅರವತ್ತಾರರ ಅವರು ಸಣ್ಣ ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರೊಂದರಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ್ದರೂ ಒಂದು ದಿನವೂ ವಿಮಾನ ಹಾರಿಸಿದವರಲ್ಲ. ನಾಲ್ಕು ವರ್ಷದ ಹಿಂದೆ ಶಾಂತಲಾಳ ಅಂಗಡಿಯಲ್ಲೇ ವಿಮಾನ ಹಾರಿಸುವ ಆಟದ ಡಿಸ್ಕನ್ನೂ ಕೈಯಲ್ಲಿ ಹಿಡಿಯುವ ಜಾಯ್‌ಸ್ಟಿಕ್ಕನ್ನೂ ಕೊಂಡಿದ್ದರು. ಫೋನ್ ನಂಬರ್ ಕೊಟ್ಟಿರದ ಕಾರಣ ಅವಳ ಕರೆ ಅವರಿಗೆ ಹೋಗಿರಲಿಲ್ಲ.

"ಬೇಟಿ, ನಂದೇ ಏನೋ ತಪ್ಪಾಗಿದೆ. ಏನ್ ಒತ್ತಬಾರದಾಗಿತ್ತೋ ಒತ್ಬಿಟ್ಟಿದೀನಿ. ಗೇಮ್ ತೆಗೀತಿಲ್ಲ."

"ಎಷ್ಟ್ ದಿನ ಆಯ್ತು ಅಂಕಲ್?"

"ಐದಾರು ವಾರ. ಅಳಿಯ ಬಂದಿದ್ದಾಗ ಹೊಸದೇನೋ ಹಾಕ್ಕೊಟ್ಟ. ಈ ವಯಸ್ಸಲ್ಲಿ ಗೇಮ್ ಆಡ್ತೀನಿ ಅಂತ ಯಾರನ್ನ ಕೇಳ್ಲಿ, ಅದಕ್ಕೇ ಸುಮ್ನಿದ್ದೆ."

ಶಾಂತಲಾ ಮನಸ್ಸಿನಲ್ಲೇ ಎಣಿಸಿದಳು. ಒಂದು ವಾರ ತಡವಾಗಿತ್ತು. "ಅರ್ಜೆಂಟ್ ಇದೆಯಾ?" ಎಂದು ಕೇಳಿದಳು.

ಅವರು ನಾಚಿಕೊಂಡು ನಕ್ಕರು. "ನನ್ ವಿಮಾನ ಸಮುದ್ರದ ಮೇಲಿದೆ."

ಆಟದಲ್ಲಿ ಅವರು ಜಕ್ಕೂರು ವಿಮಾನ ನಿಲ್ದಾಣದಿಂದ ಹೊರಟು ಭೂಮಿಯನ್ನು ಒಂದು ಸುತ್ತು ಹಾಕುತ್ತಿದ್ದರು. ವಾರಕ್ಕೆ ಎರಡು ಗಂಟೆ, ಊರೂರಲ್ಲಿ ಇಳಿಯುತ್ತ, ಒಂದು ಇಂಜಿನ್ನಿನ ಸಣ್ಣ ವಿಮಾನದಲ್ಲಿ, ನಿಜವಾಗಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಮಸ್ಕತ್ ದಾಟಿ, ಯುರೋಪ್ ದಾಟಿ, ಐಸ್‌ಲ್ಯಾಂಡಿನಿಂದ ಗ್ರೀನ್‌ಲ್ಯಾಂಡ್ ಕಡೆ ಹೋಗುವಾಗ ಊಟಕ್ಕೆ ಕರೆದರೆಂದು ನಡುದಾರಿಯಲ್ಲಿ ಆಟ ನಿಲ್ಲಿಸಿ ಎದ್ದಿದ್ದರು. "ಟ್ಯಾಂಕಲ್ಲಿ ಇನ್ನೆರಡು ಗಂಟೆಗೆ ಆಗೋಷ್ಟಿದೆ. ಇಳಿಸ್ಬಿಟ್ರೆ ನೆಮ್ಮದಿ. ರಾತ್ರಿ ಮಲಗಿದ್ರೂ ಅದೇ ಕಣ್ಮುಂದೆ."

ಮರುದಿನ ಶಾಂತಲಾ ಪುಟ್ಟೇನಹಳ್ಳಿಯ ಅವರ ಮನೆಗೆ ಹೋದಳು. ಮರಳುವ ದಾರಿ ಅಳಿಸಿಹೋಗಿತ್ತು. ಉಳಿದದ್ದು ಒಂದೇ: ಬೇಕಾದದ್ದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು, ಕಂಪ್ಯೂಟರನ್ನು ಪೂರ್ತಿ ಒರೆಸಿ, ಹಳೆಯ ವಿಂಡೋಸ್ ಸೆವೆನ್ ಹಾಕುವುದು. ಅತಾವುಲ್ಲಾರ ಹೆಂಡತಿ ಕುಲ್ಸುಮ್ ಚಹಾ ತಂದಿಟ್ಟರು. ಹೆಬ್ಬಾಳದಲ್ಲಿ ಇನ್ನೊಬ್ಬರು ಕಾಯುತ್ತಿದ್ದರು; ಫೋನ್ ಎರಡು ಸಲ ಬಡಿದುಕೊಂಡಿತು. ಶಾಂತಲಾ ಫೋಟೋಗಳನ್ನು, ಕಾಗದಪತ್ರಗಳನ್ನು, ಆಟದ ಹೆಸರಿದ್ದ ಫೋಲ್ಡರನ್ನು ತುಂಬಿಕೊಂಡು ಒರೆಸಿಬಿಟ್ಟಳು.

ಹಳೆಯದು ಹತ್ತಿತು. ಡಿಸ್ಕ್ ಹಾಕಿದರೆ ಆಟವೂ ತೆರೆಯಿತು. ಆದರೆ ಉಳಿಸಿದ ಹಾರಾಟಗಳ ಪಟ್ಟಿ ಖಾಲಿಯಿತ್ತು. ಆ ಆಟ ಅವನ್ನು ಕಣ್ಣಿಗೆ ಬೀಳದ ಬೇರೊಂದು ಫೋಲ್ಡರಿನಲ್ಲಿ ಇಡುತ್ತಿತ್ತು. ಐದು ನಿಮಿಷ ಹುಡುಕಿದ್ದರೆ ಗೊತ್ತಾಗುತ್ತಿತ್ತು. ಶಾಂತಲಾ ಹುಡುಕಿರಲಿಲ್ಲ.

ಅತಾವುಲ್ಲಾ ಕನ್ನಡಕ ಹಾಕಿಕೊಂಡು ಹಿಂದೆಯೇ ನಿಂತಿದ್ದರು. ಡಿಸ್ಕ್ ಹಳೆಯದಾಗಿದೆ, ಹೊಸ ವಿಂಡೋಸ್ ಅಳಿಸಿದೆ ಎಂದಿದ್ದರೆ ಅವರು ನಂಬುತ್ತಿದ್ದರು. ಆ ಮಾತು ಅವಳ ಬಾಯಿಯ ತನಕವೂ ಬಂತು.

"ಅಂಕಲ್, ನಾನೇ ಅಳಿಸ್ಬಿಟ್ಟೆ. ಅವಸರ ಮಾಡ್ದೆ. ನಿಮ್ ಹಾರಾಟ ಎಲ್ಲಾ ಹೋಯ್ತು."

ಅವರು ಕುರ್ಚಿಯಲ್ಲಿ ಕೂತು ಪರದೆಯನ್ನೇ ನೋಡಿದರು. "ಸರಿ, ನೀವಿನ್ನು ಹೊರಡಿ," ಎಂದರು. ಬೇಟಿ ಎನ್ನಲಿಲ್ಲ.

ಹೆಬ್ಬಾಳಕ್ಕೆ ಹೋಗುವ ಬದಲು ಶಾಂತಲಾ ಕೆರೆಯ ಪಕ್ಕ ಸ್ಕೂಟರ್ ನಿಲ್ಲಿಸಿದಳು. ಎರಡು ನಿಮಿಷ ನಿಲ್ಲಲಾಗದೆ ಮತ್ತೆ ಹೊರಟಳು. ಮರುದಿನ ಕುಲ್ಸುಮ್ ಅವರನ್ನು ಕೇಳಿಕೊಂಡು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಒಯ್ದಳು. ಅಳಿಸಿದ್ದನ್ನು ತೆಗೆದುಕೊಡುವ ಅಂಗಡಿಯವನು ಮೂರು ದಿನ ಇಟ್ಟುಕೊಂಡ. ಮದುವೆಯೊಂದರ ಹಳೇ ಫೋಟೋಗಳು ಸಿಕ್ಕವು, ಒಂದಷ್ಟು ಹಾಡುಗಳು ಸಿಕ್ಕವು. "ಅದರ್ ಮೇಲೇ ಹೊಸದು ಬರ್ದಿದೀರ ಮೇಡಂ. ಇನ್ನು ಬರಲ್ಲ," ಎಂದ.

ಆ ಮೂರು ದಿನ ಅವಳು ಅಂಗಡಿಯಲ್ಲಿ ಡಬ್ಬಿಗಳನ್ನು ಇಳಿಸಿದಳು, ಜೋಡಿಸಿದಳು, ಮತ್ತೆ ಇಳಿಸಿದಳು. ಮುನೀಂದ್ರ ಊಟ ಬಡಿಸಿಕೊಟ್ಟರೆ ತಟ್ಟೆ ಹಿಡಿದು ಓಡಾಡಿದಳು. "ಬರೀ ಗೇಮ್ ಅಲ್ವೇನೇ?" ಎಂದ ಅವನು.

ನಾಲ್ಕನೇ ದಿನ ಹಾರ್ಡ್ ಡಿಸ್ಕ್ ಹಿಡಿದು ಪುಟ್ಟೇನಹಳ್ಳಿಗೆ ಹೋದಳು. ಅತಾವುಲ್ಲಾ ಒಳಗೆ ಕರೆದರು. ಅವಳು ಬಗ್ಗಿ ಕಂಪ್ಯೂಟರಿಗೆ ಅದನ್ನು ಕೂರಿಸುತ್ತಿರುವಾಗ ಅವರು ತಾವಾಗಿಯೇ ಮಾತು ತೆಗೆದರು.

"ಎಂಬತ್ತೊಂಬತ್ತರಲ್ಲಿ ಒಂದಿನ ಸಾಯಂಕಾಲ ಸಾಮಾನು ಲೆಕ್ಕ ಹಾಕಿದ್ರೆ ನನ್ ಡಬ್ಬೀಲಿ ಒಂದ್ ಸ್ಪ್ಯಾನರ್ ಕಡಿಮೆ. ಇಂಜಿನ್ ಒಳಗೇ ಬಿಟ್ಟಿದ್ದೆ. ವಿಮಾನ ಬೆಳಿಗ್ಗೆ ಹೋಗೋದಿತ್ತು. ಹೋಗಿ ಹೇಳಿದ್ರೆ ಕೆಲಸ ಹೋಗತ್ತೆ ಅನ್ನೋ ಭಯ. ಗೇಟ್ ತನಕ ಬಂದು ವಾಪಸ್ ಹೋದೆ, ಹೇಳ್ದೆ. ಎಲ್ಲರ ಮುಂದೆ ಬೈದ್ರು. ಆರು ತಿಂಗಳು ಬರೀ ನೆಲ ಒರೆಸೋ ಕೆಲಸ ಕೊಟ್ರು."

ಶಾಂತಲಾ ತಿರುಪು ಬಿಗಿಯುವುದನ್ನು ನಿಲ್ಲಿಸಿದಳು.

"ಅವತ್ತು ನಿಮ್ಮನ್ನ ಹೊರಡಿ ಅಂದ್ನಲ್ಲ, ಕೋಪ ಇತ್ತು. ಈಗ್ಲೂ ಸ್ವಲ್ಪ ಇದೆ. ನಾಲ್ಕು ವರ್ಷ ಬೇಟಿ, ಸಣ್ಣದಲ್ಲ. ಆದ್ರೆ ನೀವು ಸುಳ್ಳು ಹೇಳಲಿಲ್ಲ."

ಕುಲ್ಸುಮ್ ಅಡುಗೆಮನೆಯಿಂದಲೇ ಕೂಗಿದರು: "ಆ ಗೇಮ್‌ನಲ್ಲಿ ಯಾವ ಊರಿಂದ ಬೇಕಾದ್ರೂ ಶುರು ಮಾಡ್ಬೋದಂತೆ. ಗ್ರೀನ್‌ಲ್ಯಾಂಡಿಂದಾನೇ ಮಾಡಿ ಅಂದ್ರೆ ಕೇಳ್ತಾ ಇಲ್ಲ!"

"ಹಾರದೆ ಹೆಂಗ್ ಅಲ್ಲಿಗ್ ಹೋಗ್ಲಿ? ಮೋಸ ಆಗಲ್ವಾ?" ಎಂದರು ಅತಾವುಲ್ಲಾ. ಆಮೇಲೆ ಶಾಂತಲಾಳ ಕಡೆ ತಿರುಗಿದರು. "ಈ ಸಲ ಪೂರ್ವಕ್ಕೆ ಹೋಗ್ತೀನಿ. ಚೆನ್ನೈ, ಆಮೇಲೆ ಅಂಡಮಾನ್. ಆ ಕಡೆ ನೋಡೇ ಇಲ್ಲ."

ಶಾಂತಲಾ ಅಂದು ಹಾರಾಟಗಳು ಎಲ್ಲಿ ಉಳಿಯುತ್ತವೆಂದು ತೋರಿಸಿ, ಪೆನ್‌ಡ್ರೈವಿಗೆ ತೆಗೆದಿಡುವುದನ್ನು ಇಬ್ಬರಿಗೂ ಕಲಿಸಿದಳು. ಕುಲ್ಸುಮ್ ಬೇಗ ಕಲಿತರು. ಅತಾವುಲ್ಲಾರ ವಿಮಾನ ಜಕ್ಕೂರಿನಿಂದ ಏರಿದ್ದನ್ನು ನೋಡಿಯೇ ಶಾಂತಲಾ ಎದ್ದಳು.

ಅಂಗಡಿ ಮೊದಲಿನಂತೆ ಉಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಜನ ಹೊಸ ಆಟಗಳನ್ನು ಇಂಟರ್‌ನೆಟ್ಟಿನಿಂದಲೇ ಇಳಿಸಿಕೊಳ್ಳುವುದು ಇನ್ನೂ ಹೆಚ್ಚಾಯಿತು. ಹಳೆಯ ಡಿಸ್ಕ್ ಕೇಳುವವರಿಗೆ ಶಾಂತಲಾ, ಇದು ಹೊಸ ವಿಂಡೋಸ್‌ನಲ್ಲಿ ನಡೆಯಲ್ಲ ಎಂದು ಮೊದಲೇ ಹೇಳುತ್ತಿದ್ದಳು. ಅರ್ಧ ಜನ ಡಿಸ್ಕ್ ಅಲ್ಲೇ ಇಟ್ಟು ಹೋಗುತ್ತಿದ್ದರು. ಮೊಬೈಲ್ ಕವರ್ ಮಾರು ಎಂದು ಮುನೀಂದ್ರ ಎರಡು ಸಲ ಹೇಳಿದ.

ಅವಳು ಡಿಸ್ಕಿನ ಒಂದು ಗೋಡೆ ಖಾಲಿ ಮಾಡಿ ಅಲ್ಲಿ ಮೇಜು ಹಾಕಿಸಿದಳು. ಹಳೆಯ ಆಟ ಆಡಬೇಕೆನ್ನುವವರಿಗೆ ಹಳೆಯ ಕಂಪ್ಯೂಟರ್‌ಗಳನ್ನು ಸರಿಮಾಡಿಕೊಡುವ ಕೆಲಸ ಶುರುವಾಯಿತು. ಮೊದಲು ತಂದವನು ಮಹೇಂದ್ರನೇ, ತನ್ನ ಕಾಲೇಜು ದಿನಗಳ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಬಂದ. ಡೂಪ್ಲಿಕೇಟ್ ಎಂದದ್ದಕ್ಕೆ ಸಾರಿ ಕೇಳಿದ. ಬಿಚ್ಚುವ ಮೊದಲು ಅವಳು ಯಾವ ಫೋಲ್ಡರ್, ಯಾವ ಆಟ ಎಂದು ಅರ್ಧ ಗಂಟೆ ಪ್ರಶ್ನೆ ಕೇಳಿದ್ದಕ್ಕೆ ಬೇಸರವನ್ನೂ ಮಾಡಿಕೊಂಡ.

"ಮೇಡಂ, ಈ ಸೆವೆನ್ ಎಷ್ಟ್ ದಿನ ಇರತ್ತೆ?"

"ಟ್ವೆಂಟಿ ಟ್ವೆಂಟಿ ಇಸವಿ ತನಕ ಅಪ್ಡೇಟ್ ಕೊಡ್ತಾರಂತೆ."

"ಆಮೇಲೆ?"

"ನೋಡೋಣ ಬಿಡಿ," ಎಂದಳು ಶಾಂತಲಾ. ಸಹಕಾರನಗರದಲ್ಲಿ ಯಾರೋ ಎರಡು ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುತ್ತಿದ್ದಾರೆಂದು ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಗುಜರಿಯವನು ಬರುವ ಮೊದಲು ತಲುಪಬೇಕಿತ್ತು. ಮಹೇಂದ್ರನನ್ನೇ ಅಂಗಡಿಯಲ್ಲಿ ಒಂದು ಗಂಟೆ ಕೂರಿಸಿ, ಅವಳು ಹೆಲ್ಮೆಟ್ ತೆಗೆದುಕೊಂಡು ಹೊರಟಳು.