ಕಂಡವರ ಸಹಿ

ಟಿಕ್, ಟಿಕ್, ಟಿಕ್, ಮೂರನೇ ಸಾಲಿನ ಟೋನಿ ಪೆನ್ನಿನ ಗುಂಡಿ ಒತ್ತುತ್ತಲೇ ಇದ್ದಾನೆ, ಅಂಚೆ ಕಚೇರಿಯಿಂದ ರಿಟೈರ್ ಆಗಿ ಅರವತ್ತೆರಡರಲ್ಲಿ ರೋಮಿನ ಇತಿಹಾಸ ಓದಲು ಬಂದವನು, ಪ್ರಶ್ನೆಪತ್ರಿಕೆ ನೋಡಿ ಹಣೆ ತಿಕ್ಕಿಕೊಳ್ಳುತ್ತಿದ್ದಾನೆ, ತಿಕ್ಕಿಕೋ ಮಾರಾಯ, ಪ್ರಶ್ನೆ ಹಾಕಿದ ಪ್ರೊಫೆಸರ್ ನಂದಾ, ಅಂದರೆ ನಾನು, ನಾನೂ ಅದೇ ಪ್ರಶ್ನೆ ಹಿಡಿದು ಒದ್ದಾಡುತ್ತಿದ್ದೇನೆ — ಕ್ರಿ.ಶ. ಇನ್ನೂರೈವತ್ತರಲ್ಲಿ ಚಕ್ರವರ್ತಿ ಡೇಸಿಯಸ್, ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಕೊಟ್ಟು, ಕೊಟ್ಟೆವೆಂದು ಕಾಗದ ಮಾಡಿಸಿಕೊಳ್ಳಬೇಕೆಂದ, ಬಲಿ ಕೊಡದ ಎಷ್ಟೋ ಕ್ರೈಸ್ತರ ಕೈಯಲ್ಲೂ ಆ ಕಾಗದವಿತ್ತು, ತಪ್ಪು ಯಾರದು, ಚರ್ಚಿಸಿ. ಚರ್ಚಿಸಬೇಕಂತೆ. ಹಾಜರಿ ಪಟ್ಟಿಯ ಕೆಳಗೆ ಫೋನು ಮುಚ್ಚಿಟ್ಟಿದ್ದೇನೆ, ಮುಚ್ಚಿಟ್ಟರೇನು, ಜಕಿಯಾಳ ಮೆಸೇಜು ಬಾಯಿಪಾಠವಾಗಿ ಹೋಗಿದೆ, ಆಂಟಿ, ನಾನು ಆರತಿ ತಗೊಂಡಿದ್ದನ್ನ ನೀವು ನೋಡಿದ್ರಾ, ಅಬ್ಬಾ ಕೇಳ್ತಿದಾರೆ, ಎರಡು ದಿನದಿಂದ ನನ್ನ ಹತ್ರ ಮಾತಾಡ್ತಿಲ್ಲ. ಹೌದು ಎಂದರೆ ಅವಳು ಅಪ್ಪನ ಮುಂದೆ ಸುಳ್ಳುಗಾತಿ, ಇಲ್ಲ ಎಂದರೆ ನಾನು ಊರ ಮುಂದೆ, ಜೊತೆಗೆ ಅವಳ ಕ್ಲಾಸೂ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಬಂದ ಮೆಸೇಜು, ಈಗ ಹತ್ತೂಕಾಲು.

ಎಲ್ಲಾ ಆ ಫಾರಮ್ಮಿನಿಂದ. ಅಲ್ಲ, ಫಾರಮ್ಮು ಏನು ಮಾಡೀತು, ನನ್ನ ಜಾಣತನದಿಂದ. ಈ ಪರದೇಶದಲ್ಲಿ ಮಾನ್ಮತ್ ಜಂಕ್ಷನ್ ಎಂಬ ಊರಿನ ಬಾಡಿಗೆ ಹಾಲಿನಲ್ಲಿ ನಮ್ಮ ಶನಿವಾರದ ಕನ್ನಡ ಶಾಲೆ, ಮೂರನೇ ತರಗತಿಗೆ ಜಕಿಯಾ ಟೀಚರು, ಮೈಸೂರಿನ ಮಂಡಿ ಮೊಹಲ್ಲಾದವಳು, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕಿವಿಯೇ ಕೇಳಿಸದವಳ ಹಾಗೆ ಆ ಕಡೆ ಈ ಕಡೆ ನೋಡಿ ಕನ್ನಡ ಹೊರಡಿಸುತ್ತಾಳೆ, ಅಂಥ ಟೀಚರು ನಮ್ಮಲ್ಲಿ ಇನ್ನೊಬ್ಬರಿಲ್ಲ, ನಾನೂ ಸೇರಿ. ಪಾಠಕ್ಕೆ ಮೊದಲು ದೀಪ, ಪ್ರಾರ್ಥನೆ, ಕರ್ಪೂರದಾರತಿ, ಒಂದು ಚಮಚ ಸಜ್ಜಿಗೆ — ಯಾರೂ ಇಟ್ಟ ನಿಯಮವಲ್ಲ, ಹಾಗೇ ಬಂದ ರೂಢಿ. ಯಾರೋ ತಾಯಿ ದೂರು ಕೊಟ್ಟಳಂತೆ, ಆ ಟೀಚರ್ ಆರತಿ ಹೊತ್ತಲ್ಲಿ ಬಾಗಿಲ ಹತ್ರಾನೇ ನಿಂತಿರ್ತಾರೆ, ನಮ್ಮ ಕಲ್ಚರ್ ಕಲಿಸೋ ಜಾಗ ಅಲ್ವಾ ಇದು. ಸೆಕ್ರೆಟರಿ ಹರ್ಷ ಕೆಟ್ಟವನಲ್ಲ, ಆದರೆ ಏನೇ ತಕರಾರು ಬಂದರೂ ಅದಕ್ಕೊಂದು ಫಾರಂ ಮಾಡುವ ಎಂಜಿನಿಯರು, ಮಾಡಿಯೇಬಿಟ್ಟ, ಟೀಚರ ಹೆಸರು, ಪ್ರಾರ್ಥನೆಯಲ್ಲಿ ಪಾಲ್ಗೊಂಡು ಆರತಿ ತೆಗೆದುಕೊಂಡು ಪ್ರಸಾದ ಸ್ವೀಕರಿಸಿದ್ದಾರೆ, ಕೆಳಗೆ ಗೆರೆ, ಕಂಡವರ ಸಹಿ. ನೀವೇ ಸೀನಿಯರ್ ಅಲ್ವಾ ಆಂಟಿ, ನೀವೇ ಮಾಡಿಬಿಡಿ, ಸುಮ್ನೆ ಫಾರ್ಮ್ಯಾಲಿಟಿ. ನನಗೆ ನಗು ಬಂತು, ನಾಚಿಕೆಗೇಡು, ಮೊದಲು ಬಂದದ್ದು ನಗುವೇ, ಏಕೆಂದರೆ ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಡೇಸಿಯಸ್ ಕಾಲದ ಆ ಕಾಗದಗಳಲ್ಲಿ ಹೀಗೇ ಇದೆ, ದ್ರಾಕ್ಷಾರಸ ಎರೆದೆ, ಬಲಿ ಕೊಟ್ಟೆ, ಬಲಿಯ ರುಚಿ ನೋಡಿದೆ, ಕೆಳಗೆ ಬೇರೆ ಕೈಬರಹ, ನೀನು ಬಲಿ ಕೊಟ್ಟದ್ದನ್ನು ನಾವು ಕಂಡೆವು — ಇಪ್ಪತ್ತು ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದೇನೆ. ಇದನ್ನು ಹರಿದು ಬಿಸಾಕಪ್ಪ ಎಂದಿದ್ದರೆ ಹರ್ಷ ಬಿಸಾಕುತ್ತಿದ್ದ, ನನ್ನ ಮಾತು ಅವನು ಮೀರುವುದಿಲ್ಲ. ನಾನು ಅನ್ನಲಿಲ್ಲ. ಅಂದು ಯಾವನೋ ಗುಮಾಸ್ತ ಕಣ್ಣು ಮಿಟುಕಿಸಿ ಸುಳ್ಳು ಕಾಗದ ಕೊಟ್ಟು ಕ್ರೈಸ್ತರ ಜೀವ ಉಳಿಸಿದನಲ್ಲ, ನಾನೂ ಹಾಗೆ ಜಕಿಯಾಳ ಕ್ಲಾಸು ಉಳಿಸುತ್ತೇನೆ ಎಂದುಕೊಂಡೆ, ಅವಳಿಗೆ ಹೇಳುವುದೂ ಬೇಡ, ಪಾಪ ಯಾಕೆ ನೋಯಿಸುವುದು ಎಂದುಕೊಂಡೆ, ಸಹಿ ಹಾಕಿದೆ, ನಂದಾ, ತಾರೀಖು.

ಪ್ರೊಫೆಸರ್, ಟೋನಿ ಕೈ ಎತ್ತಿದ್ದಾನೆ, ಆ ಕಾಗದ ಇದ್ದವರಿಗೆ ಆಮೇಲೆ ಏನಾಯ್ತು, ಅದನ್ನೂ ಬರೀಬೇಕಾ. ಬರಿ ಟೋನಿ. ಚಕ್ರವರ್ತಿ ಸತ್ತ, ಆಜ್ಞೆ ಬಿದ್ದುಹೋಯಿತು, ಆಗ ಸ್ವಂತ ಜನವೇ ಅವರನ್ನು ನಿಲ್ಲಿಸಿ ಕೇಳಿತು, ನೀನು ಬಲಿ ಕೊಡಲಿಲ್ಲ ಸರಿ, ಕೊಟ್ಟೆ ಅಂತ ಕಾಗದ ಹೇಳುತ್ತದಲ್ಲ, ಪ್ರಾಯಶ್ಚಿತ್ತ ಮಾಡು. ಇದೂ ನನಗೆ ಗೊತ್ತಿತ್ತು. ಬಾಣಂತಿ ಕಷಾಯದ ಹಾಗೆ ವರ್ಷವರ್ಷ ಕುಡಿಸಿದ ಪಾಠ, ಸಹಿ ಹಾಕುವ ಹೊತ್ತಿಗೆ ಅರ್ಧವೇ ನೆನಪಾಯಿತು. ಹರ್ಷ ನಮ್ಮ ಎಂಟೂ ಟೀಚರುಗಳ ಫಾರಮ್ಮುಗಳ ಫೋಟೋ ತೆಗೆದು ಶಾಲೆಯ ಗ್ರೂಪಿಗೆ ಹಾಕಿದ, ನಮ್ಮ ಟೀಚರ್ಸ್ ಹಂಡ್ರೆಡ್ ಪರ್ಸೆಂಟ್, ಕೆಳಗೆ ಕೈಮುಗಿಯುವ ಗೊಂಬೆಗಳ ಸಾಲು, ಅದು ಎಲ್ಲೆಲ್ಲಿಗೋ ಹೋಗಿ ಜಕಿಯಾಳ ಮಸೀದಿಯ ಹೆಂಗಸರ ಫೋನಿಗೂ ಬಂತು, ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿರುವ ಅವಳ ಅಪ್ಪ ಫಜಲ್ ಸಾಹೇಬರ ಕಣ್ಣಿಗೂ ಬಿತ್ತು. ಮೈಸೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು, ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತ ಹೇಳಿದ್ದರು, ಪ್ರತಿ ವರ್ಷ ಸರಸ್ವತಿ ಪೂಜೆ ಮೇಡಂ, ನಾನು ಗೌರವಕ್ಕೆ ನಿಂತ್ಕೋತಿದ್ದೆ, ಮಾಡಿದೆ ಅಂತ ಸುಳ್ಳು ಹೇಳ್ಲಿಲ್ಲ, ಮಾಡಲ್ಲ ಅಂತ ಜಗಳಾನೂ ಆಡ್ಲಿಲ್ಲ, ಹೆಡ್‌ಮಾಸ್ಟ್ರು ಒಂದು ದಿನಾನೂ ನನ್ನ ಕೇಳ್ಲಿಲ್ಲ, ಅದು ಅವರ ದೊಡ್ಡತನ. ಇನ್ನಷ್ಟು ಚಕ್ಕುಲಿ ಹಾಕಿಕೊಳ್ಳಿ ಸಾರ್ ಎಂದಿದ್ದೆ ನಾನು.

ಉತ್ತರಪತ್ರಿಕೆ ಎಣಿಸಿ ಚೀಲಕ್ಕೆ ತುಂಬಿ ಪಾರ್ಕಿಂಗಿಗೆ ಬಂದೆ, ಮೂಲೆಯಲ್ಲಿ ಗುಡ್ಡೆ ಹಾಕಿದ ಹಿಮ ಕರಿ ಹಿಡಿದಿದೆ, ಕಾರೊಳಗೆ ಕೂತು ಹೀಟರ್ ಹಾಕುವ ಮೊದಲೇ ಕಾಲ್ ಮಾಡಿದೆ, ಮಾಡದಿದ್ದರೆ ಬ್ರಿಡ್ಜ್‌ವಾಟರಿನ ಮನೆ ಸೇರುವಷ್ಟರಲ್ಲಿ ಇನ್ನೊಂದು ಜಾಣತನ ಹೊಳೆಯುತ್ತದೆ. ಗ್ರೂಪಿಗೆ ಆಮೇಲೆ ಬರೆಯುತ್ತೇನೆ, ಮೊದಲು ಹಿರಿಯರಿಗೆ. ಜಕಿಯಾ ಎತ್ತಿದಳು, ಫೋನು ಅಪ್ಪನ ಕೈಗೆ ಕೊಟ್ಟಳು. ಹೇಳಿ ಮೇಡಂ. ಸಾರ್, ಆ ಕಾಗದ ಸುಳ್ಳು, ನಾನೇ ಬರೆದಿದ್ದು, ಜಕಿಯಾಗೆ ಗೊತ್ತೇ ಇರ್ಲಿಲ್ಲ, ಅವಳು ಆರತಿ ತಗೊಂಡಿಲ್ಲ, ಬಾಗಿಲ ಹತ್ರ ನಿಂತಿದ್ಲು, ನನ್ನನ್ನ ಕ್ಷಮಿಸಿ. ಆ ಕಡೆ ದೀರ್ಘವಾದ ಉಸಿರು, ಎದೆಯಿಂದ ಏನೋ ಇಳಿದ ಹಾಗೆ. ನಿಂತಿದ್ದು ನೀವು ನೋಡಿದ್ರಿ ಅಲ್ವಾ ಮೇಡಂ, ಅಷ್ಟು ಸಾಕು ನನಗೆ, ನಿಮ್ಮ ಕಣ್ಣಲ್ಲಿ ನೋಡಿದ್ರಿ ಅಲ್ವಾ. ನೋಡಿದೆ ಸಾರ್ ಎನ್ನಲು ಬಾಯಿ ತೆರೆದೆ — ನೋಡಿದೆನಾ, ಯಾವತ್ತು ನೋಡಿದೆ, ಬಾಗಿಲ ಹತ್ರ ಅಂದವಳು ಆ ತಾಯಿ, ನಾನು ಮೂರು ವರ್ಷದಿಂದ ಪ್ರತಿ ಶನಿವಾರ ಎಲ್ಲರಿಗಿಂತ ಮುಂದೆ, ದೀಪದ ಎದುರಿಗೇ, ಕೈಮುಗಿದು, ಒಂದು ಸಲವೂ ಹಿಂದೆ ತಿರುಗಲಿಲ್ಲ, ಅವಳು ನಿಂತಳೋ ಕೂತಳೋ ಹೊರಗೆ ಹೋದಳೋ, ಒಬ್ಬಳೇ ಹೇಗಿದ್ದಾಳೆ ಎಂದು ಒಂದು ಸಲ, ಮೇಡಂ, ಇದೀರಾ ಲೈನಲ್ಲಿ, ಸಾರ್, ನಾನು ಕಣ್ಣು ಮುಚ್ಕೊಂಡಿದ್ದೆ, ಯಾವಾಗ್ಲೂ ಮುಚ್ಕೊಂಡಿರ್ತಿದ್ದೆ, ಹಾಗಾದ್ರೆ ಮೇಡಂ, ನನ್ನ ಮಗಳನ್ನ ಯಾರು ನೋಡಿದಾರೆ, ಕರ್ಪೂರದ ಕಾವು ಮುಖಕ್ಕೆ, ಬೆನ್ನ ಹಿಂದೆ ಎಲ್ಲೋ ಬಾಗಿಲು, ಮುಚ್ಚಿದ ರೆಪ್ಪೆಯೊಳಗೆ ಕೆಂಪು, ಯಾರು ಮೇಡಂ, ಕೆಂಪು, ಬರೀ ಕೆಂಪು